ಓದುಗರ ಪ್ರಶ್ನೆ, ಮಾಸ್ತರರ ಉತ್ತರ: ಈ ತಿಂಗಳು ಪೂರ್ತಿ ಬ್ರೆಜಿಲ್

ಹೋದ ಸಂಚಿಕೆಯಲ್ಲಿ ಸೋಯಾಬೀನ್ ದರದ ಪ್ರಶ್ನೆಗೆ ಉತ್ತರಿಸುತ್ತ, "ಬ್ರೆಜಿಲ್‌ನ ಮಳೆಯನ್ನೂ ನೋಡಬೇಕು" ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಓದುಗರು ಮುಂದೆ ಹೋಗಲು ಬಿಡಲಿಲ್ಲ. ನವಲಗುಂದದಿಂದ ರಾಣೆಬೆನ್ನೂರಿನವರೆಗೆ ಬಂದ ಪತ್ರಗಳಲ್ಲಿ ಬ್ರೆಜಿಲ್ ಬಿಟ್ಟು ಬೇರೆ ದೇಶದ ಸುದ್ದಿಯೇ ಇಲ್ಲ. ಗದಗ ಸೀಮೆಯ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ, ಈಗ ಧಾರವಾಡದಲ್ಲಿ ನಿವೃತ್ತನಾಗಿ ಕುಳಿತಿರುವ ನನಗೆ ಇದಕ್ಕಿಂತ ಹಬ್ಬ ಬೇಕೆ? ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಗುರುಗಳೇ, ನಮ್ಮ ಕಾಲೇಜಿನ ಗೋಡೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಬ್ರೆಜಿಲ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಪುಸ್ತಕದಲ್ಲಿ ಬ್ರೆಜಿಲ್ ಜಗತ್ತಿನ ಐದನೆಯ ದೊಡ್ಡ ದೇಶ ಎಂದಿದೆ. ಯಾವುದನ್ನು ನಂಬಲಿ? (ಪಿಯುಸಿ ವಿದ್ಯಾರ್ಥಿನಿ, ಹಾವೇರಿ)

ಪುಸ್ತಕವನ್ನು ನಂಬು ತಂಗೀ. ಆ ಗೋಡೆಯ ನಕ್ಷೆಯ ಲೆಕ್ಕ 1569ರಲ್ಲಿ ಮರ್ಕೇಟರ್ ಎಂಬಾತ ಹಡಗಿನವರಿಗಾಗಿ ಹಾಕಿದ್ದು. ಅದರಲ್ಲಿ ದಿಕ್ಕು ಸರಿಯಾಗಿರುತ್ತದೆ, ವಿಸ್ತೀರ್ಣ ಕೆಟ್ಟಿರುತ್ತದೆ. ಧ್ರುವದ ಕಡೆಗೆ ಹೋದಷ್ಟೂ ನೆಲ ಉಬ್ಬುತ್ತದೆ. ಗ್ರೀನ್‌ಲ್ಯಾಂಡ್ ಸುಮಾರು 21.7 ಲಕ್ಷ ಚದರ ಕಿಲೋಮೀಟರ್, ಬ್ರೆಜಿಲ್ 85 ಲಕ್ಷ. ಹಡಗು ನಡೆಸುವವರಿಗೆ ಮಾಡಿದ ನಕ್ಷೆಯನ್ನು ನಮ್ಮ ಶಾಲೆಗಳಲ್ಲಿ ಏಕೆ ತೂಗುಹಾಕುತ್ತಾರೆ ಎಂಬ ಪ್ರಶ್ನೆಯನ್ನು ನಾನು ನೌಕರಿಯುದ್ದಕ್ಕೂ ಕೇಳಿದೆ. ಉತ್ತರ ಕೊಡುವವರು ಸಿಗಲಿಲ್ಲ.

ಬ್ರೆಜಿಲ್ ಭಾರತದ ಎರಡೂವರೆ ಪಟ್ಟಿಗಿಂತ ಸ್ವಲ್ಪ ದೊಡ್ಡದು. ಕರ್ನಾಟಕದಂಥ ರಾಜ್ಯಗಳು ಅದರಲ್ಲಿ 44 ಹಿಡಿಸುತ್ತವೆ. ದಕ್ಷಿಣ ಅಮೆರಿಕದಲ್ಲಿ ಚಿಲಿ, ಇಕ್ವೆಡಾರ್ ಎರಡನ್ನು ಬಿಟ್ಟರೆ ಉಳಿದೆಲ್ಲ ದೇಶಗಳೂ ಅದರ ನೆರೆಯವು. 2022ರ ಜನಗಣತಿಯ ಪ್ರಕಾರ ಜನಸಂಖ್ಯೆ 20.3 ಕೋಟಿ, ಅಂದರೆ ನಮ್ಮ ಏಳನೆಯ ಒಂದು ಭಾಗ. ಆ ಜನರಲ್ಲಿ ಬಹುಪಾಲು ಅಟ್ಲಾಂಟಿಕ್ ಅಂಚಿನಲ್ಲೇ ಇದ್ದಾರೆ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಧಾರವಾಡ-ಹಾವೇರಿ ಕಡೆಯವರು ಬ್ರೆಜಿಲ್ ನಕ್ಷೆಯಲ್ಲಿ ಮೊದಲು ನೋಡಬೇಕಾದ್ದು ಅಮೆಜಾನ್ ಅಲ್ಲ, ಆಗ್ನೇಯ ಕರಾವಳಿ. ಅಲ್ಲಿ ಕಿರಿದಾದ ಕಡಲ ತೀರ, ಅದರ ಹಿಂದೆಯೇ ಸೆರಾ ಡೊ ಮಾರ್ ಎಂಬ ಕಡಿದಾದ ಘಟ್ಟ, ಘಟ್ಟ ಹತ್ತಿದರೆ ಒಳನಾಡಿನ ಕಡೆಗೆ ಇಳಿಯುತ್ತ ಹೋಗುವ ಪ್ರಸ್ಥಭೂಮಿ. ಸಾವೊ ಪಾಲೊ ನಗರ ಇರುವ ಎತ್ತರ ಸುಮಾರು 760 ಮೀಟರ್, ಹೆಚ್ಚುಕಡಿಮೆ ನಮ್ಮ ಧಾರವಾಡದಷ್ಟೇ. ಟಿಯೆಟೆ ನದಿ ಸಮುದ್ರದಿಂದ ಬರೀ 22 ಕಿಲೋಮೀಟರ್ ದೂರದಲ್ಲಿ ಹುಟ್ಟಿ, ಸಮುದ್ರಕ್ಕೆ ಬೆನ್ನು ಹಾಕಿ, ಒಳನಾಡಿನಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ಹರಿದು ಪರಾನಾ ನದಿಯನ್ನು ಸೇರುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪಕ್ಕದಲ್ಲೇ ಇರುವ ಅರಬ್ಬೀ ಸಮುದ್ರವನ್ನು ಬಿಟ್ಟು ಪೂರ್ವಕ್ಕೆ ಕೂಡಲಸಂಗಮದ ಹಾದಿ ಹಿಡಿಯುವುದಿಲ್ಲವೇ, ಅದೇ ಚಾಳಿ. ನಮ್ಮ ನೆಲ, ಅವರ ನೆಲ ಎರಡೂ ಒಂದು ಕಾಲಕ್ಕೆ ಗೊಂಡ್ವಾನಾ ಎಂಬ ಒಂದೇ ಖಂಡದ ತುಂಡುಗಳು. ನೆಲ ಬಿರಿದು ಬೇರೆಯಾದಾಗ ಅಂಚು ಎತ್ತರವಾಯಿತು, ನದಿಗಳು ಒಳಮುಖವಾದವು.

ಪ್ರಶ್ನೆ: ಮಾಸ್ತರರೇ, ಅಮೆಜಾನ್ ನದಿಯಲ್ಲಿ ಬಹಳ ನೀರು ಎನ್ನುತ್ತಾರೆ. ಬಹಳ ಎಂದರೆ ಎಷ್ಟು? ನಮಗೆ ತಿಳಿಯುವ ಲೆಕ್ಕದಲ್ಲಿ ಹೇಳಿ. (ರೈತ, ನವಲಗುಂದ)

ನಿಮಗೆ ತಿಳಿಯುವ ಲೆಕ್ಕ ಟಿಎಂಸಿ ಎಂಬುದು ನನಗೆ ಗೊತ್ತು. ನವಲಗುಂದದಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಅದನ್ನು ಕಲಿಯುತ್ತಾರೆ. ಹಾಗಾದರೆ ಪೆನ್ಸಿಲ್ ಹಿಡಿಯಿರಿ. ಅಮೆಜಾನ್ ಸಮುದ್ರಕ್ಕೆ ಸುರಿಯುವುದು ಸೆಕೆಂಡಿಗೆ ಸರಾಸರಿ 2 ಲಕ್ಷ ಘನ ಮೀಟರ್, ಅಂದರೆ ಸುಮಾರು 70 ಲಕ್ಷ ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ). ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಭಾಗಿಸಿದರೆ 143 ಸೆಕೆಂಡಿಗೆ ಒಂದು ಟಿಎಂಸಿ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಜಲಾಶಯ ತುಂಬಿದಾಗ ಹಿಡಿಯುವುದು 37.73 ಟಿಎಂಸಿ; ಅಮೆಜಾನ್ ಅದನ್ನು ಒಂದೂವರೆ ಗಂಟೆಯಲ್ಲಿ ತುಂಬುತ್ತದೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿ ಆ ನದಿಗೆ 32 ನಿಮಿಷದ ಹರಿವು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಬೇಕಾದ 3.9 ಟಿಎಂಸಿ ಇದೆಯಲ್ಲ, ಯಾವುದಕ್ಕಾಗಿ ನೀವು ರಸ್ತೆಯಲ್ಲಿ ಕುಳಿತಿದ್ದಿರೋ ಆ ನೀರು, ಅದು ಒಂಬತ್ತೂ ಕಾಲು ನಿಮಿಷದ್ದು.

ಹೊಟ್ಟೆ ಉರಿಸಲು ಇದನ್ನು ಬರೆಯಲಿಲ್ಲ. ಇಷ್ಟು ನೀರಿದ್ದ ದೇಶದಲ್ಲೇ 2014-15ರಲ್ಲಿ ಸಾವೊ ಪಾಲೊ ನಗರಕ್ಕೆ ಕುಡಿಯುವ ನೀರು ಕೊಡುವ ಕಾಂತರೇರಾ ಜಲಾಶಯಗಳು ಬತ್ತಿ, ತೂಬಿನ ಮಟ್ಟಕ್ಕಿಂತ ಕೆಳಗಿನ ನೀರನ್ನು ಪಂಪು ಹಚ್ಚಿ ಎತ್ತಬೇಕಾಯಿತು. ನೀರು ಉತ್ತರದಲ್ಲಿ, ಜನ ಆಗ್ನೇಯದಲ್ಲಿ; ನಡುವೆ ಎರಡು-ಮೂರು ಸಾವಿರ ಕಿಲೋಮೀಟರ್. ಆ ನೀರನ್ನು ದಕ್ಷಿಣಕ್ಕೆ ತರುವ ಕಾಲುವೆ ಯಾವುದೂ ಇಲ್ಲ, ಇರುವುದು ಗಾಳಿ. ಅಮೆಜಾನ್ ಕಾಡು ಬಿಡುವ ತೇವವನ್ನು ಗಾಳಿ ಪಶ್ಚಿಮಕ್ಕೆ ಒಯ್ಯುತ್ತದೆ. ಆಂಡಿಸ್ ಪರ್ವತ ಅಡ್ಡ ಬಂದಾಗ ಅದು ದಕ್ಷಿಣಕ್ಕೆ ತಿರುಗಿ ಮಧ್ಯ ಮತ್ತು ಆಗ್ನೇಯ ಬ್ರೆಜಿಲ್‌ಗೆ ಮಳೆಯಾಗಿ ಇಳಿಯುತ್ತದೆ. ಹೀಗಾಗಿ ಉತ್ತರದಲ್ಲಿ ಕಾಡು ಕಡಿದವನು ದಕ್ಷಿಣದ ಸೋಯಾ ಹೊಲದ ಮಳೆಗೂ ಕೈ ಹಾಕಿದ್ದಾನೆ. 2023ರಲ್ಲಿ ಮನೌಸ್ ನಗರದ ಬಳಿ ರಿಯೊ ನೆಗ್ರೊ ನದಿ ದಾಖಲೆಯ ಮಟ್ಟಕ್ಕೆ ಇಳಿಯಿತು. ಮರುವರ್ಷ ಆ ದಾಖಲೆಯೂ ಮುರಿಯಿತು. ಸಮುದ್ರದ ಹಡಗುಗಳು 1,500 ಕಿಲೋಮೀಟರ್ ಒಳಗೆ ಬಂದು ನಿಲ್ಲುವ ಬಂದರು ಅದು.

ಪ್ರಶ್ನೆ: ಬ್ರೆಜಿಲ್‌ಗೂ ನಮ್ಮ ಪಕ್ಕದ ಗೋವೆಗೂ ಒಬ್ಬರೇ ದೊರೆ ಇದ್ದರಂತೆ, ನಿಜವೇ? (ನಿವೃತ್ತ ರೈಲ್ವೆ ನೌಕರ, ಅಳ್ನಾವರ)

ನಿಜ. ಅಷ್ಟೇ ಅಲ್ಲ, ಬ್ರೆಜಿಲ್ ಸಿಕ್ಕಿದ್ದೇ ನಮ್ಮ ಕಡೆ ಬರುವ ದಾರಿಯಲ್ಲಿ. ವಾಸ್ಕೊ ಡ ಗಾಮಾ ಮರಳಿದ ಮೇಲೆ ಪೋರ್ಚುಗಲ್ ದೊರೆ 13 ಹಡಗುಗಳನ್ನು ಕೊಟ್ಟು ಪೆಡ್ರೊ ಆಲ್ವಾರಿಸ್ ಕಾಬ್ರಾಲ್ ಎಂಬುವನನ್ನು ಕಲ್ಲಿಕೋಟೆಗೆ ಕಳಿಸಿದ. ಆಫ್ರಿಕಾದ ದಕ್ಷಿಣ ತುದಿಗೆ ಹೋಗಲು ಅನುಕೂಲದ ಗಾಳಿ ಬೇಕೆಂದರೆ ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ದೊಡ್ಡ ಸುತ್ತು ಹಾಕಬೇಕು. ಆ ಸುತ್ತು ಹಾಕುವಾಗ 1500ರ ಏಪ್ರಿಲ್ 22ರಂದು ನೆಲ ಕಂಡಿತು. ಸುದ್ದಿ ತಿಳಿಸಲು ಒಂದು ಹಡಗನ್ನು ಲಿಸ್ಬನ್‌ಗೆ ಹಿಂದಕ್ಕೆ ಅಟ್ಟಿ ಕಾಬ್ರಾಲ್ ಮುಂದೆ ಹೊರಟ. ಬಿರುಗಾಳಿಗೆ ನಾಲ್ಕು ಹಡಗು ಮುಳುಗಿದವು. ಉಳಿದವು ಆಗಸ್ಟ್ ಹೊತ್ತಿಗೆ ಬಂದು ದುರಸ್ತಿಗೆಂದು ತಂಗಿದ್ದು ಎಲ್ಲಿ ಗೊತ್ತೇ? ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ. ಅವರಿಗೆ ಬೇಕಾಗಿದ್ದು ಕರಿಮೆಣಸು. ಬ್ರೆಜಿಲ್ ಆಗ ಯಾರಿಗೂ ಬೇಡವಾದ ನೆಲ. ಬಣ್ಣದ ಮರ ಬಿಟ್ಟರೆ ಅಲ್ಲಿ ಮಾರುವಂಥದ್ದು ಏನೂ ಕಾಣಲಿಲ್ಲ.

ಅಂಥ ನೆಲವನ್ನು ಏನು ಮಾಡುವುದು? 1534ರಿಂದ ಮೂರನೆಯ ಜಾನ್ ದೊರೆ ಕರಾವಳಿಯಿಂದ ಒಳಗೆ ಅಡ್ಡಗೆರೆ ಎಳೆಸಿ, 15 ಪಟ್ಟಿ ಮಾಡಿ, 12 ಜನರಿಗೆ ಹಂಚಿಬಿಟ್ಟ. ಒಳಗೆ ಏನಿದೆ, ಯಾರಿದ್ದಾರೆ ಎಂದು ನೋಡಿದವರಿಲ್ಲ. ಈ ಗೆರೆಗಳನ್ನು ನೆನಪಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಗೆ ಬೇಕಾಗುತ್ತವೆ. ಈಶಾನ್ಯದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಆಫ್ರಿಕಾದಿಂದ ಗುಲಾಮರು ಬಂದರು. ಮೂರೂವರೆ ಶತಮಾನಗಳಲ್ಲಿ ಬ್ರೆಜಿಲ್‌ನಲ್ಲಿ ಇಳಿಸಲಾದ ಗುಲಾಮರು ಸುಮಾರು 48 ಲಕ್ಷ; ಅಮೆರಿಕ ಖಂಡಗಳಲ್ಲಿ ಬೇರೆ ಯಾವ ದೇಶಕ್ಕೂ ಇಷ್ಟು ಜನರನ್ನು ತಂದಿಲ್ಲ. 1690ರ ದಶಕದಲ್ಲಿ ಮಿನಾಸ್ ಜೆರೈಸ್‌ನಲ್ಲಿ ಚಿನ್ನ ಸಿಕ್ಕಿತು, 1763ರಲ್ಲಿ ರಾಜಧಾನಿ ಸಾಲ್ವಡಾರ್‌ನಿಂದ ರಿಯೊ ಡಿ ಜನೈರೊಗೆ ಸರಿಯಿತು.

ನನಗೆ ಬಹಳ ಇಷ್ಟದ ಸಂಗತಿ ಮುಂದಿನದು. ನೆಪೋಲಿಯನ್ ಸೈನ್ಯ ಲಿಸ್ಬನ್ ಬಾಗಿಲಿಗೆ ಬಂದಾಗ ಪೋರ್ಚುಗಲ್‌ನ ರಾಜಮನೆತನ ಪರಿವಾರ ಸಮೇತ ಹಡಗು ಹತ್ತಿ 1808ರಲ್ಲಿ ರಿಯೊಗೆ ಬಂದು ಕುಳಿತಿತು. 1821ರವರೆಗೆ ಅಲ್ಲಿಂದಲೇ ಆಳ್ವಿಕೆ. ಅಂದರೆ ಆ 13 ವರ್ಷ ಪಣಜಿಗೆ ಬರುತ್ತಿದ್ದ ರಾಜಾಜ್ಞೆಗಳ ಮೂಲ ಯುರೋಪಲ್ಲ, ದಕ್ಷಿಣ ಅಮೆರಿಕ! ವಸಾಹತಿನಲ್ಲಿ ಕುಳಿತು ಸಾಮ್ರಾಜ್ಯ ಆಳಿದ ಯುರೋಪಿನ ದೊರೆ ಇನ್ನೊಬ್ಬನಿಲ್ಲ. ದೊರೆ ಲಿಸ್ಬನ್‌ಗೆ ಮರಳಿದ, ಅವನ ಮಗ ಪೆಡ್ರೊ 1822ರ ಸೆಪ್ಟೆಂಬರ್ 7ರಂದು ಬ್ರೆಜಿಲ್ ಸ್ವತಂತ್ರ ಎಂದು ಸಾರಿ ತಾನೇ ಚಕ್ರವರ್ತಿಯಾದ. ಗೋವೆಗೆ ಆ ದಿನ ಬರಲು 1961ರ ಡಿಸೆಂಬರ್ ಬೇಕಾಯಿತು.

ಪ್ರಶ್ನೆ: ನಾವು ತಿನ್ನುವ ಶೇಂಗಾ, ಗೋಡಂಬಿ, ಸಾಬೂದಾನಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಬ್ರೆಜಿಲ್‌ನಿಂದ ಬಂದವು ಎಂದು ಮೊಬೈಲ್‌ನಲ್ಲಿ ಓದಿದೆ. ಹೌದೇ? (ಗೃಹಿಣಿ, ಗದಗ)

ಅರ್ಧ ಹೌದು ತಾಯಿ. ಗೋಡಂಬಿ ಪೂರ್ತಿ ಹೌದು. ಈಶಾನ್ಯ ಬ್ರೆಜಿಲ್‌ನ ಮರ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಗೋವೆಗೆ ತಂದು ನೆಟ್ಟರು. ಸಾಬೂದಾನಿ ಮಾಡುವ ಮರಗೆಣಸೂ ಆ ಖಂಡದ್ದೇ. ಅದರ ಹಿಟ್ಟಿಲ್ಲದೆ ಈಗಲೂ ಬ್ರೆಜಿಲ್‌ನ ಬಡವರ ಊಟ ನಡೆಯುವುದಿಲ್ಲ. ನಾವು ಅದನ್ನು ಏಕಾದಶಿಗೆ ಉಪವಾಸದ ಆಹಾರ ಮಾಡಿಕೊಂಡೆವು. ಶಾಸ್ತ್ರ ಬರೆದವರು ಮರಗೆಣಸನ್ನು ಕಂಡಿರಲಿಲ್ಲ, ಆದ್ದರಿಂದ ನಿಷೇಧಿಸಲೂ ಇಲ್ಲ. ಶೇಂಗಾದ ಮೂಲ ಬೊಲಿವಿಯಾ-ಅರ್ಜೆಂಟೀನಾ ಗಡಿಯ ಕಡೆಯದು. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಿಕರು ಮೆಕ್ಸಿಕೊದವರು. ಆ ಸುಕ್ಕು, ಆ ಕೆಂಪು, ಆ ಕಡಿಮೆ ಖಾರ ಮಾತ್ರ ನಮ್ಮ ನೆಲದಲ್ಲಿ ಬಂದವು. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು ಅದಕ್ಕೇ.

ಪ್ರಶ್ನೆ: ಸರ್, ನಾನು ಅಮರಗೋಳ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡವನು. ಬ್ರೆಜಿಲ್‌ನಲ್ಲಿ ಮಳೆಯಾದರೆ ಇಲ್ಲಿ ಸೋಯಾ ದರ ಏಕೆ ಇಳಿಯುತ್ತದೆ? ಅಷ್ಟು ಬೆಳೆ ಅವರಿಗೆ ಹೇಗೆ ಬಂತು? (ವ್ಯಾಪಾರಿ, ಹುಬ್ಬಳ್ಳಿ)

ಸಾಹುಕಾರರೇ, ಎರಡನೆಯ ಪ್ರಶ್ನೆ ಮೊದಲು. ಬ್ರೆಜಿಲ್ ಈಗ ವರ್ಷಕ್ಕೆ 15 ಕೋಟಿ ಟನ್ನಿಗೂ ಹೆಚ್ಚು ಸೋಯಾ ಬೆಳೆಯುತ್ತದೆ. ಇಡೀ ಭಾರತದ ಬೆಳೆ ಅದರ ಹತ್ತನೆಯ ಒಂದು ಭಾಗಕ್ಕೂ ಬರುವುದಿಲ್ಲ. ಐವತ್ತು-ಅರವತ್ತು ವರ್ಷಗಳ ಹಿಂದೆ ಅವರ ಸೋಯಾ ಎಲ್ಲ ತಂಪು ಹವೆಯ ದಕ್ಷಿಣ ರಾಜ್ಯಗಳಲ್ಲಿತ್ತು. ನಡುನಾಡಿನಲ್ಲಿ ಸೆರಾಡೊ ಎಂಬ ಕುರುಚಲು ಮರಗಳ ಹುಲ್ಲುಗಾವಲು, ಸುಮಾರು 20 ಲಕ್ಷ ಚದರ ಕಿಲೋಮೀಟರ್, ಪಾಳು ನೆಲವೆಂದೇ ಲೆಕ್ಕ. ಮಳೆ ಚೆನ್ನಾಗಿದೆ, ನೆಲ ಸಮತಟ್ಟು, ಮಣ್ಣು ಆಳ. ಆದರೆ ಆ ಕೆಂಪು ಮಣ್ಣು ಆಮ್ಲೀಯ, ರಂಜಕವಿಲ್ಲ, ಬೇರಿಗೆ ವಿಷವಾಗುವ ಅಲ್ಯೂಮಿನಿಯಂ ಬೇರೆ. ನಮ್ಮ ಮಸಾರಿಯನ್ನು ಬಡ ಭೂಮಿ ಎನ್ನುವವರು ಅದನ್ನು ನೋಡಬೇಕಿತ್ತು.

1973ರಲ್ಲಿ ಸರ್ಕಾರ ಎಂಬ್ರಾಪಾ ಎಂಬ ಕೃಷಿ ಸಂಶೋಧನಾ ಸಂಸ್ಥೆ ಹುಟ್ಟುಹಾಕಿತು. ಅಲ್ಲಿಯವರು ಮಾಡಿದ ಕೆಲಸದಲ್ಲಿ ಮಂತ್ರವೇನೂ ಇಲ್ಲ. ಹೆಕ್ಟೇರಿಗೆ ಟನ್‌ಗಟ್ಟಲೆ ಸುಣ್ಣದ ಕಲ್ಲಿನ ಪುಡಿ ಸುರಿದು ಆಮ್ಲ ಮುರಿದರು, ರಂಜಕ ಹಾಕಿದರು. ಕಷ್ಟವಿದ್ದದ್ದು ಬೀಜದಲ್ಲಿ. ಸೋಯಾ ಗಿಡ ಹಗಲಿನ ಉದ್ದ ನೋಡಿ ಹೂ ಬಿಡುತ್ತದೆ. ತಂಪು ದೇಶದ ತಳಿಯನ್ನು ಸಮಭಾಜಕದ ಹತ್ತಿರ ತಂದರೆ ಹಗಲು ಗಿಡ್ಡವೆಂದು ಗೇಣುದ್ದ ಇರುವಾಗಲೇ ಹೂ ಬಿಟ್ಟು ಕೈಬಿಡುತ್ತದೆ. ತಡವಾಗಿ ಹೂ ಬಿಡುವ ಗುಣವನ್ನು ಹುಡುಕಿ ಬೆರೆಸಿದ ಮೇಲೆ ಸೋಯಾ ಉತ್ತರಕ್ಕೆ ನಡೆಯಿತು. ಇನ್ನೊಂದು ಕೆಲಸ ಯೊಹಾನಾ ಡೊಬೆರೈನರ್ ಎಂಬ ಮಹಿಳಾ ವಿಜ್ಞಾನಿಯದು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ಬ್ಯಾಕ್ಟೀರಿಯಾ ಇರುವಾಗ ಯೂರಿಯಾ ಚೀಲ ಏಕೆ ಎಂದು ಹಟ ಹಿಡಿದಾಕೆ. ಬಿತ್ತುವ ಮೊದಲು ನಮ್ಮ ರೈತರು ಬೀಜಕ್ಕೆ ಹಚ್ಚುವ ರೈಜೋಬಿಯಂ ಪೊಟ್ಟಣವಿದೆಯಲ್ಲ, ಅದೇ ವಿದ್ಯೆ, ಆದರೆ ಅಲ್ಲಿ ಅದು ದೇಶದ ನೀತಿಯೇ ಆಯಿತು. ಗೊಬ್ಬರದ ಲೆಕ್ಕದಲ್ಲಿ ಬ್ರೆಜಿಲ್ ಉಳಿಸಿದ ಹಣಕ್ಕೆ ಆಕೆಯ ಹೆಸರು ಬರೆಯಬೇಕು.

ಈಗ ಅಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸೋಯಾ ಬಿತ್ತಿ, ಜನವರಿ-ಫೆಬ್ರವರಿಯಲ್ಲಿ ಕೊಯ್ದು, ಯಂತ್ರದ ಹಿಂದೆಯೇ ಇನ್ನೊಂದು ಯಂತ್ರ ಓಡಿಸಿ ಅದೇ ಹೊಲಕ್ಕೆ ಗೋವಿನಜೋಳ ಬಿತ್ತುತ್ತಾರೆ. ಇದಕ್ಕೆ ತೆತ್ತ ಬೆಲೆಯೂ ಇದೆ: ಸೆರಾಡೊದ ಮೂಲ ಸಸ್ಯವರ್ಗದಲ್ಲಿ ಅರ್ಧದಷ್ಟು ಹೋಯಿತು.

ಇನ್ನು ನಿಮ್ಮ ದರ. ಧಾರವಾಡ ಜಿಲ್ಲೆಯ ಸೋಯಾ ನಿಮ್ಮ ಅಂಗಡಿಗೆ ಬರುವ ಹೊತ್ತಿಗೆ ಮಾಟೊ ಗ್ರೊಸೊ ರಾಜ್ಯದಲ್ಲಿ ಬಿತ್ತನೆ ಶುರುವಾಗಿರುತ್ತದೆ. ಅಲ್ಲಿ ಮಳೆ ಹದವಾಗಿದೆ ಎಂಬ ಸುದ್ದಿ ಬಂದರೆ ಷಿಕಾಗೊ ಪೇಟೆ ಫೆಬ್ರವರಿಯ ರಾಶಿಯನ್ನು ಈಗಲೇ ಎಣಿಸಿ ದರ ಇಳಿಸುತ್ತದೆ. ನಾವು ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರುತ್ತೇವೆ. ಸೋಯಾ ಎಣ್ಣೆ ಮುಖ್ಯವಾಗಿ ಅರ್ಜೆಂಟೀನಾ, ಬ್ರೆಜಿಲ್‌ಗಳದ್ದು. ಅಗ್ಗದ ಎಣ್ಣೆ ಬಂದರಿಗೆ ಬಂದರೆ ಇಲ್ಲಿಯ ಗಾಣದವರು ನಿಮ್ಮ ಕಾಳಿಗೆ ಹೆಚ್ಚು ಕೊಡಲಾರರು. ಬ್ರೆಜಿಲ್‌ನ ಸೋಯಾ ರಫ್ತಿನ ಸುಮಾರು ಶೇ 70 ಚೀನಾಕ್ಕೆ ಹೋಗುವುದರಿಂದ, ಸೋಯಾ ಹಿಂಡಿ ತಿನ್ನುವ ಚೀನಾದ ಹಂದಿ ಸಾಕಣೆಗೆ ನೆಗಡಿಯಾದರೂ ಅಮರಗೋಳದಲ್ಲಿ ಸೀನು ಬರುತ್ತದೆ. ನಮ್ಮವರೂ ಕೈಕಟ್ಟಿ ಕುಳಿತಿಲ್ಲ: 2001ರಲ್ಲಿ ಬ್ರೆಜಿಲ್‌ನ ಸೋಯಾಕ್ಕೆ ಬಡಿದ ತುಕ್ಕು ರೋಗ ನಮ್ಮ ಭಾಗದಲ್ಲೂ ಇದೆ, ಅದನ್ನು ತಡೆಯುವ ಡಿಎಸ್‌ಬಿ-21 ತಳಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು.

ಪ್ರಶ್ನೆ: ಬ್ರೆಜಿಲ್‌ನಲ್ಲಿ ಬೆಲೆಗಳು ವರ್ಷಕ್ಕೆ ಸಾವಿರಾರು ಪಟ್ಟು ಏರುತ್ತಿದ್ದವಂತೆ. ಹೇಗೆ ನಿಲ್ಲಿಸಿದರು? (ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ)

ಸಾವಿರಾರು ಪಟ್ಟಲ್ಲ, ಸಾವಿರಾರು ಪ್ರತಿಶತ. ಬ್ಯಾಂಕಿನವರೇ ಹೀಗೆ ಬರೆದರೆ! 1993ರಲ್ಲಿ ಹಣದುಬ್ಬರ ಸುಮಾರು ಶೇ 2,477, ಅಂದರೆ ಜನವರಿಯಲ್ಲಿ 100ಕ್ಕೆ ಬರುತ್ತಿದ್ದ ಸಾಮಾನಿಗೆ ಡಿಸೆಂಬರ್‌ನಲ್ಲಿ 2,577. ಸಂಬಳ ಬಂದ ದಿನವೇ ತಿಂಗಳ ಕಿರಾಣಿ ಮುಗಿಸದಿದ್ದರೆ ಮರುದಿನ ಚೀಲ ಹಗುರ. ಹಣದ ಹೆಸರನ್ನೇ ಬದಲಿಸುತ್ತ ಹೋದರು: 1986ರಲ್ಲಿ ಕ್ರುಜಾಡೊ, 1989ರಲ್ಲಿ ಹೊಸ ಕ್ರುಜಾಡೊ, 1990ರಲ್ಲಿ ಮತ್ತೆ ಕ್ರುಜೆರೊ, 1993ರಲ್ಲಿ ಕ್ರುಜೆರೊ ರಿಯಾಲ್. ಪ್ರತಿ ಸಲವೂ ಮೂರು ಸೊನ್ನೆ ಕತ್ತರಿಸುವುದು ಅಥವಾ ಬೆಲೆ ಏರಿಸಬಾರದೆಂದು ಆಜ್ಞೆ ಮಾಡುವುದು. ಆಜ್ಞೆಗೆ ಹೆದರಿ ಬೆಲೆ ನಿಲ್ಲಲಿಲ್ಲ, ಅಂಗಡಿಯಿಂದ ಸಾಮಾನು ಮಾಯವಾಯಿತು. 1990ರ ಮಾರ್ಚ್‌ನಲ್ಲಿ ಅಧ್ಯಕ್ಷ ಕೊಲೊರ್ ಅಧಿಕಾರಕ್ಕೆ ಬಂದ ಕೂಡಲೇ ಖಾತೆಗಳಲ್ಲಿ 50,000 ಹೊಸ ಕ್ರುಜಾಡೊ ಮೀರಿದ ಹಣವನ್ನು 18 ತಿಂಗಳು ತಡೆಹಿಡಿದರು. ಕೌಂಟರಿನ ಹಿಂದೆ ಕುಳಿತವರ ಪಾಡನ್ನು ನೀವೇ ಊಹಿಸಿಕೊಳ್ಳಿ.

ಕೊನೆಗೆ ಗೆದ್ದದ್ದು ಒಂದು ಉಪಾಯ. ಪರ್ಸಿಯೊ ಅರಿಡಾ, ಆಂದ್ರೆ ಲಾರಾ ರೆಜೆಂಡೆ ಎಂಬ ಅರ್ಥಶಾಸ್ತ್ರಜ್ಞರ ವಿಚಾರ, ಹಣಕಾಸು ಮಂತ್ರಿ ಫೆರ್ನಾಂಡೊ ಹೆನ್ರಿಕ್ ಕಾರ್ಡೊಸೊ ಕಾಲದಲ್ಲಿ ಜಾರಿಗೆ ಬಂತು. ಎಲ್ಲರೂ ನಿನ್ನೆಯ ಏರಿಕೆಯನ್ನು ನೋಡಿ ಇಂದಿನ ಬೆಲೆ, ಸಂಬಳ, ಬಾಡಿಗೆ ಏರಿಸುತ್ತಿದ್ದರು. ಚಕ್ರ ತಾನಾಗಿ ತಿರುಗುತ್ತಿತ್ತು. ಆದ್ದರಿಂದ 1994ರ ಮಾರ್ಚ್ 1ರಿಂದ ಯುಆರ್‌ವಿ ಎಂಬ ಬರೀ ಲೆಕ್ಕದ ಘಟಕ ತಂದರು. ಅದಕ್ಕೆ ನೋಟಿಲ್ಲ, ನಾಣ್ಯವಿಲ್ಲ. ಹಾಲಿನ ಬೆಲೆ ಇಷ್ಟು ಯುಆರ್‌ವಿ ಎಂದು ಬರೆಯಬೇಕು. ಕೊಡುವಾಗ ಆ ದಿನದ ದರದಲ್ಲಿ ಹಳೆಯ ನೋಟು ಎಣಿಸಬೇಕು. ಹಳೆಯ ನೋಟಿನ ಬೆಲೆ ದಿನದಿನಕ್ಕೂ ಕುಸಿಯಿತು, ಯುಆರ್‌ವಿಯಲ್ಲಿ ಬರೆದ ಬೆಲೆ ಮಾತ್ರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ನಾಲ್ಕು ತಿಂಗಳಲ್ಲಿ ಜನರ ಮನಸ್ಸು ನಿಂತ ಬೆಲೆಗೆ ಪಳಗಿತು. ಜುಲೈ 1ರಂದು ಒಂದು ಯುಆರ್‌ವಿ 2,750 ಕ್ರುಜೆರೊ ರಿಯಾಲ್‌ಗೆ ಸಮ ಇದ್ದಾಗ ಅದಕ್ಕೇ ನೋಟು ಅಚ್ಚುಹಾಕಿ ರಿಯಾಲ್ ಎಂದು ಕರೆದರು. 1996ರ ಹೊತ್ತಿಗೆ ಹಣದುಬ್ಬರ ವರ್ಷಕ್ಕೆ ಶೇ 10ಕ್ಕಿಂತ ಕೆಳಗೆ ಇಳಿದಿತ್ತು. ಬಡ್ಡಿ ದರ ಮಾತ್ರ ಅಲ್ಲಿ ಇವತ್ತಿಗೂ ಎತ್ತರದಲ್ಲೇ ಇರುತ್ತದೆ. ನಾನು ಓದಿದ ಆರ್ಥಿಕ ಇತಿಹಾಸದಲ್ಲಿ ಇದರಷ್ಟು ಚೊಕ್ಕವಾದ ತಂತ್ರ ಇನ್ನೊಂದಿಲ್ಲ.

ಚುಟುಕು ಪ್ರಶ್ನೆಗಳಿಗೆ ಚುಟುಕು ಉತ್ತರ.

ಫುಟ್‌ಬಾಲ್ ವಿಶ್ವಕಪ್ ಎಷ್ಟು ಸಲ? (ಶಿಗ್ಗಾಂವಿ) ಐದು: 1958, 1962, 1970, 1994, 2002. ಮುಂದಿನ ಸಲ ಕ್ರೀಡಾ ಅಂಕಣಕ್ಕೆ ಬರೆಯಿರಿ.

ರಾಜಧಾನಿ ರಿಯೊ ಅಲ್ಲವೇ? (ಲಕ್ಷ್ಮೇಶ್ವರ) 1960ರ ಏಪ್ರಿಲ್ 21ರಿಂದ ಅಲ್ಲ. ಒಳನಾಡಿನ ಸೆರಾಡೊದಲ್ಲಿ ಬ್ರೆಸಿಲಿಯಾ ಕಟ್ಟಿದರು. ನಗರದ ನಕ್ಷೆ ಲೂಸಿಯೊ ಕೋಸ್ಟಾ, ಕಟ್ಟಡಗಳು ಆಸ್ಕರ್ ನೀಮೆಯರ್.

ಕಾಫಿಯನ್ನು ಸುಟ್ಟರಂತೆ? (ಧಾರವಾಡ) ಹೌದು. 1929ರ ಮಹಾಕುಸಿತದ ನಂತರ ದರ ಏರಿಸಲು 1931ರಿಂದ 1944ರವರೆಗೆ 7 ಕೋಟಿಗೂ ಹೆಚ್ಚು ಚೀಲ ನಾಶ ಮಾಡಿದರು. ಒಂದೇ ಬೆಳೆ ನಂಬಿದ ದೇಶದ ಗತಿ.

ಬೆಳೆ ಬಿಟ್ಟು ಬೇರೇನನ್ನೂ ಮಾಡುವುದಿಲ್ಲವೇ? (ಹುಬ್ಬಳ್ಳಿ) ವಿಮಾನ ಮಾಡುತ್ತಾರೆ. 1969ರಲ್ಲಿ ಸ್ಥಾಪನೆಯಾದ ಎಂಬ್ರೇಯರ್ ಕಂಪನಿಯ ಐವತ್ತು ಆಸನದ ವಿಮಾನಗಳನ್ನು ಸ್ಟಾರ್ ಏರ್ ಹುಬ್ಬಳ್ಳಿಯಿಂದಲೇ ಹಾರಿಸಿದೆ, ನೀವು ಹತ್ತಿರಲೂಬಹುದು. ಸಮುದ್ರದ ಆಳದಲ್ಲಿ ತೈಲವೂ ಸಿಕ್ಕಿದೆ. ಕಬ್ಬಿನಿಂದ ಎಥೆನಾಲ್ ತೆಗೆದು ಕಾರಿಗೆ ಹಾಕುವ ಯೋಜನೆಯನ್ನು 1975ರಲ್ಲೇ ಆರಂಭಿಸಿದರು.

ಅಲ್ಲಿಯ ದನಗಳು ನಮ್ಮವೇ? (ಹಾವೇರಿ) ಬಹುಪಾಲು. ಆಂಧ್ರದ ಒಂಗೋಲ್ ಅಲ್ಲಿ ನೆಲೋರ್ ಆಯಿತು, ಗುಜರಾತಿನ ಗಿರ್ ಮತ್ತು ಕಾಂಕ್ರೇಜ್ ಕೂಡ ಹೋದವು. 20 ಕೋಟಿಗೂ ಮೀರಿದ ದನಗಳಲ್ಲಿ ಹೆಚ್ಚಿನವು ಡುಬ್ಬವಿರುವ ನಮ್ಮ ಕಡೆಯ ರಕ್ತದವು. ಅವುಗಳನ್ನು ಸಾಕುವುದು ಮುಖ್ಯವಾಗಿ ಮಾಂಸಕ್ಕೆ.

ಪ್ರಶ್ನೆ: ನಮ್ಮ ಕಪ್ಪತಗುಡ್ಡದಂಥ ಅದಿರಿನ ಬೆಟ್ಟಗಳು ಅಲ್ಲಿಯೂ ಇವೆಯೇ? ಅಲ್ಲಿಯ ಜನ ಏನು ಮಾಡಿದರು? (ಮುಂಡರಗಿ)

ಇವೆ, ಎಷ್ಟೋ ಪಟ್ಟು ದೊಡ್ಡವು. ನಿಮ್ಮ ಗುಡ್ಡದ ಬಂಡೆಗಳನ್ನು ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದೇ ಕರೆಯುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಇಟ್ಟ ಹೆಸರು. ಅವೂ ಬ್ರೆಜಿಲ್‌ನ ಕರಾಜಾಸ್ ಬೆಟ್ಟದ ಕಬ್ಬಿಣದ ಶಿಲೆಗಳೂ 250 ಕೋಟಿ ವರ್ಷಗಳಿಗಿಂತ ಹಳೆಯವು. ಕರಾಜಾಸ್ ಅದಿರು 1967ರಲ್ಲಿ ಪತ್ತೆಯಾಯಿತು. ಅಲ್ಲಿಂದ ಬಂದರಿಗೆ 892 ಕಿಲೋಮೀಟರ್ ರೈಲು ಹಳಿ, ಒಂದೊಂದು ರೈಲಿಗೆ 330 ವ್ಯಾಗನ್, ಉದ್ದ ಮೂರು ಕಿಲೋಮೀಟರಿಗಿಂತ ಹೆಚ್ಚು.

ದುಃಖದ ಕಥೆ ಮಿನಾಸ್ ಜೆರೈಸ್ ರಾಜ್ಯದ್ದು. ಅದಿರು ತೊಳೆದ ಕೆಸರನ್ನು ಅಣೆಕಟ್ಟು ಹಾಕಿ ಕೂಡಿಡುತ್ತಾರೆ. 2015ರ ನವೆಂಬರ್ 5ರಂದು ಮರಿಯಾನಾ ಬಳಿಯ ಅಣೆಕಟ್ಟು ಒಡೆದು 19 ಜನ ಸತ್ತರು, ಡೋಸೆ ನದಿ ಸಮುದ್ರದವರೆಗೂ ಕೆಂಪಾಯಿತು. 2019ರ ಜನವರಿ 25ರಂದು ಬ್ರೂಮಾಡಿನ್ಯೊದಲ್ಲಿ ಇನ್ನೊಂದು ಒಡೆಯಿತು, ಮಧ್ಯಾಹ್ನದ ಊಟದ ಹೊತ್ತು. ಗಣಿಯ ಊಟದ ಮನೆಯೇ ಕೆಸರಿನ ಅಡಿಗಾಯಿತು. ಸತ್ತವರು 270. ಅದೇ 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಅದಕ್ಕೂ ಮೊದಲು, 2011ರಲ್ಲಿ, ನಿಮ್ಮ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಬರಬೇಕಿದ್ದ ಉಕ್ಕಿನ ಕಾರ್ಖಾನೆಯನ್ನು ರೈತರೂ ತೋಂಟದಾರ್ಯ ಮಠದ ಸಿದ್ಧಲಿಂಗ ಶ್ರೀಗಳೂ ಸೇರಿ ತಡೆದಿದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನನಗೆ ಮೂರು ಎಕರೆ ಗೋವಿನಜೋಳ. ಬ್ರೆಜಿಲ್ ರೈತರು ಕೋಟ್ಯಧೀಶರು ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ಅವರಂತೆ ಮಾಡಿದರೆ ನಮಗೂ ಲಾಭವಾದೀತೇ? (ರೈತ, ರಾಣೆಬೆನ್ನೂರು ತಾಲ್ಲೂಕು)

ವಿಡಿಯೊದಲ್ಲಿ ಯಂತ್ರ ತೋರಿಸುತ್ತಾರೆ ತಮ್ಮಾ, ಪಹಣಿ ತೋರಿಸುವುದಿಲ್ಲ. 2017ರ ಕೃಷಿ ಗಣತಿಯ ಪ್ರಕಾರ ಬ್ರೆಜಿಲ್‌ನಲ್ಲಿ ಸುಮಾರು 50 ಲಕ್ಷ ಹಿಡುವಳಿಗಳಿವೆ. ಅವುಗಳಲ್ಲಿ ಸಾವಿರ ಹೆಕ್ಟೇರಿಗಿಂತ ದೊಡ್ಡವು ನೂರಕ್ಕೆ ಒಂದು. ಆ ಒಂದರ ಕೈಯಲ್ಲಿ ದೇಶದ ಕೃಷಿ ಹಿಡುವಳಿ ನೆಲದ ಶೇ 47ಕ್ಕಿಂತ ಹೆಚ್ಚು. ಇನ್ನೊಂದು ಕಡೆ ಕುಟುಂಬ ಕೃಷಿಕರು ಶೇ 77, ಅವರ ಪಾಲಿನ ನೆಲ ಶೇ 23. ವಿಡಿಯೊದವರು ಹೋಗುವುದು ಆ ನೂರಕ್ಕೊಬ್ಬನ ಹೊಲಕ್ಕೆ.

1534ರ ಗೆರೆಗಳು ಅಳ್ನಾವರದವರ ಉತ್ತರದಲ್ಲಿ ಬಂದಿದ್ದವು. ಹಾಗೆ ಶುರುವಾದ ದೊಡ್ಡ ಹಿಡಿತ ಮುಂದೆಯೂ ಕರಗಲಿಲ್ಲ. 1850ರ ಸೆಪ್ಟೆಂಬರ್‌ನಲ್ಲಿ ಎರಡು ಕಾಯಿದೆ ಬಂದವು. ಒಂದು ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ನಿಲ್ಲಿಸಿತು. ಎರಡೇ ವಾರದಲ್ಲಿ ಬಂದ ಇನ್ನೊಂದು, ಸರ್ಕಾರಿ ನೆಲವನ್ನು ಇನ್ನು ಮೇಲೆ ದುಡ್ಡು ಕೊಟ್ಟೇ ಕೊಳ್ಳಬೇಕು, ಉತ್ತು ಬಿತ್ತಿದೆ ಎಂದರೆ ನಿನ್ನದಾಗುವುದಿಲ್ಲ ಎಂದಿತು. ಗುಲಾಮಗಿರಿ ಪೂರ್ತಿ ಹೋದದ್ದು 1888ರ ಮೇ 13ರಂದು. ಬಿಡುಗಡೆಯಾದವರಿಗೆ ಕೈಯಲ್ಲಿ ದುಡ್ಡಿಲ್ಲ, ಕಾಲಡಿಯಲ್ಲಿ ನೆಲವಿಲ್ಲ. ನಮ್ಮಲ್ಲಿ 1951ರ ಕಾಗೋಡು ಸತ್ಯಾಗ್ರಹ, 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಆದವು, ಗೇಣಿದಾರ ಒಡೆಯನಾದ. ನಿಮ್ಮ ಮೂರು ಎಕರೆಯೂ ಹಾಗೆ ಬಂದಿರಬಹುದು. ಬ್ರೆಜಿಲ್‌ನಲ್ಲಿ ಭೂರಹಿತರ ಚಳವಳಿ ಸಂಘಟನೆಯಾಗಿದ್ದು 1984ರಲ್ಲಿ. 1996ರ ಏಪ್ರಿಲ್ 17ರಂದು ಎಲ್ಡೊರಾಡೊ ದೊಸ್ ಕರಾಜಾಸ್‌ನಲ್ಲಿ ರಸ್ತೆ ತಡೆದ 19 ಜನರನ್ನು ಪೊಲೀಸರು ಕೊಂದರು. ಇದೆಲ್ಲ ಗೊತ್ತಿರುವ ನನಗೆ, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಎಂದ ನಮ್ಮ 2020ರ ತಿದ್ದುಪಡಿ ಸರಿ ಎನಿಸುವುದಿಲ್ಲ. ಒಪ್ಪದವರು ಪತ್ರ ಬರೆಯಿರಿ.

ಹಾಗಾದರೆ ಮೂರು ಎಕರೆಯವನು ಬ್ರೆಜಿಲ್‌ನಿಂದ ಕಲಿಯುವುದು ಏನೂ ಇಲ್ಲವೇ? ಇದೆ, ಆದರೆ ಮಾಟೊ ಗ್ರೊಸೊದಲ್ಲಿ ಅಲ್ಲ, ದಕ್ಷಿಣದ ಪರಾನಾ ಮತ್ತು ರಿಯೊ ಗ್ರಾಂಡೆ ಡೊ ಸುಲ್ ರಾಜ್ಯಗಳಲ್ಲಿ. ಅಲ್ಲಿ ವಲಸೆ ಬಂದ ಸಣ್ಣ ರೈತರು ಸಹಕಾರ ಸಂಘ ಕಟ್ಟಿದರು. ಮೊದಲನೆಯ ಪತ್ತಿನ ಸಂಘ 1902ರಲ್ಲಿ, ಥಿಯೊಡೋರ್ ಆಮ್‌ಸ್ಟಾಡ್ ಎಂಬ ಪಾದ್ರಿಯಿಂದ. ನಮ್ಮ ಗದಗ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಸ್ಥಾಪಿಸಿದ್ದು 1905ರಲ್ಲಿ. ಬರೀ ಮೂರು ವರ್ಷದ ಅಂತರ. ಅಲ್ಲಿಯ ಸಂಘಗಳು ಸಾಲಕ್ಕೆ ನಿಲ್ಲದೆ ಗೋದಾಮು, ಎಣ್ಣೆ ಗಿರಣಿಗಳವರೆಗೆ ಹೋದವು. ರೈತ ಕೊಯ್ದ ಕಾಳನ್ನು ಸಂಘದ ಗೋದಾಮಿಗೆ ಹಾಕಿ, ದರ ನೋಡಿ ಮಾರುತ್ತಾನೆ. ನೀವು ಕೊಯ್ದ ವಾರವೇ ಮಾರುತ್ತೀರಿ, ಏಕೆಂದರೆ ಬೀಜ-ಗೊಬ್ಬರದ ಉದ್ರಿ ಕೊಟ್ಟವನು ಕಣದಲ್ಲೇ ನಿಂತಿರುತ್ತಾನೆ. ನೋಂದಾಯಿತ ಗೋದಾಮಿನಲ್ಲಿ ಕಾಳು ಇಟ್ಟರೆ ಅದರ ರಸೀದಿಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ನಿಮ್ಮ ಎಪಿಎಂಸಿಯಲ್ಲೂ ಸೊಸೈಟಿಯಲ್ಲೂ ಈ ಹಂಗಾಮಿನ ಕೊಯ್ಲಿಗೆ ಮೊದಲೇ ಹೋಗಿ ವಿಚಾರಿಸಿ. ಕಾಳಿನ ತೇವ ಶೇ 14ಕ್ಕಿಂತ ಕೆಳಗೆ ಬರುವವರೆಗೆ ಒಣಗಿಸಿ ಒಯ್ಯಿರಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.